ಬಟ್ಟಲ ಮುತ್ಯಾ ಕಣ್ಣು ತೆರೆದದ್ದು

ನಮ್ಮ ಅತ್ತೆ ಮುರಿಗೆವ್ವನವರ ಪೂಜೆ ಮುಗಿಯಿತೆಂದು ನನಗೆ ತಿಳಿಯುವುದು ಹಿತ್ತಲ ಬಾಗಿಲ ಬಳಿಯ ದಾಸವಾಳದ ಕುಂಡದಿಂದ. ಮುಂಜಾನೆ ಆರೂವರೆಗೆ ಒಂದು ಗಿಂಡಿಯಷ್ಟು ನೀರು ಅದರೊಳಗೆ ಬೀಳುತ್ತದೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಎರೆದ ನೀರು ಅದು. ತಾಟಿನಲ್ಲಿ ಕೂಡಿದ್ದನ್ನು ಯಾರೂ ತುಳಿಯದ ಜಾಗಕ್ಕೆ ಹಾಕಬೇಕಲ್ಲ, ಅದಕ್ಕೆ ಕುಂಡ. ನಾನು ಉಣಕಲ್ಲಿನ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದ ಇಂದಿನವರೆಗೆ ಆ ಸಪ್ಪಳ ಕೇಳಿದ ಮೇಲೆಯೇ ನಾನು ಒಲೆಯ ಮೇಲೆ ರೊಟ್ಟಿ ಹಂಚು ಇಡುವುದು. ಪೂಜೆ ಆಗದೆ ಅತ್ತಿ ಬಾಯಿಗೆ ಒಂದು ತುತ್ತೂ ಇಡುವವರಲ್ಲ.

ಆ ವಾರ ನಾಲ್ಕು ದಿನ ಕುಂಡಕ್ಕೆ ನೀರು ಬೀಳಲಿಲ್ಲ. ಮೊದಲ ದಿನ ಪಕ್ಕದ ಮನೆಯ ಮೋಟರಿನ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ ಅಂದುಕೊಂಡೆ. ಎರಡನೇ ದಿನ ಅತ್ತಿ ಮರೆತಿರಬೇಕು ಅಂದುಕೊಂಡೆ, ಮರೆಯುವ ಜಾತಿಯವರೇ ಅವರು ಅನ್ನುವ ಹಾಗೆ. ಬುಧವಾರ ಕುಂಡದ ಮಣ್ಣು ಬಿರಿದದ್ದು ಕಂಡು ಬೆರಳಿಟ್ಟು ನೋಡಿದೆ. ಜೋಳದ ಹಿಟ್ಟಿನಷ್ಟು ಒಣಗಿತ್ತು. ಆಗ ಇನ್ನೊಂದು ಮಾತೂ ತಲೆಗೆ ಬಂತು. ಭಾನುವಾರದಿಂದ ಅತ್ತಿ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು, ಅದೂ ಅರ್ಧ ರೊಟ್ಟಿ. ಮೊಣಕಾಲಿನ ಆಪರೇಶನ್ ಆಗಿ ಒಂದೂವರೆ ತಿಂಗಳು, ಹೊಟ್ಟೆ ತುಂಬ ಉಂಡ ಮೇಲೆ ತೆಗೆದುಕೊಳ್ಳುವ ಗುಳಿಗೆಗಳು. ನಾನು ಅವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಕೇಳಿದೆ.

ಅವರು ಮಂಚದ ಚಾದರದ ಸುಕ್ಕು ಸವರುತ್ತ ಬಾಯಿ ಬಿಟ್ಟರು. ಶನಿವಾರ ಪೂಜೆಗೆ ಕೂತಾಗ ಎಡಗೈ ಗಡಗಡ ನಡುಗಿತಂತೆ. ನೋಡನೋಡುತ್ತ ಲಿಂಗ ಅಂಗೈಯಿಂದ ಜಾರಿತಂತೆ.

"ನೆಲಾ ಮುಟ್ಟಲಿಲ್ಲ, ಅಷ್ಟ ಪುಣ್ಯ. ಮಡಿಲಾಗಿನ ಸೆರಗಿನ್ಯಾಗ ಬಿತ್ತು," ಅಂದರು. "ಆದ್ರ ಬಿತ್ತಲ್ಲ, ದಾಕ್ಷಿ."

ಅಂದಿನಿಂದ ಅವರು ಲಿಂಗವನ್ನು ಕೊರಳಿನ ಬೆಳ್ಳಿ ಕರಡಿಗೆಯಿಂದ ಹೊರಗೆ ತೆಗೆದಿರಲಿಲ್ಲ. ಕರಡಿಗೆಯ ಮೇಲೆಯೇ ವಿಭೂತಿ ಹಚ್ಚಿ, ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ ಎದ್ದುಬಿಡುತ್ತಿದ್ದರು. ಹಾಗಾದರೆ ಉಣ್ಣಲು ಏನಾಗಿದೆ ಅಂದೆ.

"ಅರ್ಧಾ ಪೂಜಿ ಮಾಡಿದಾಕಿಗೆ ಪೂರಾ ಊಟಾ ಯಾಕ ಬೇಕು?"

ಅವರ ನಿರ್ಧಾರ ಆಗಿಹೋಗಿತ್ತು. ಮುಂದಿನ ಸೋಮವಾರ ಮಠಕ್ಕೆ ಹೋಗುವುದು, ಸ್ವಾಮಿಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು, ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ, ಕರಡಿಗೆಯಲ್ಲೇ ಇರಲಿ ಅಂತ ಅಪ್ಪಣೆ ಬೇಡುವುದು. ಹದಿನೆಂಟರ ಸೊಸೆಯಾಗಿ ಬಂದಾಗಿನಿಂದ ಐವತ್ತಾರು ವರ್ಷ, ಒಂದು ದಿನ ತಪ್ಪಿಸದೆ ಅಂಗೈಯ ಮೇಲೆ ಪೂಜೆ ಮಾಡಿದವರು. ಜ್ವರ ಬಂದಾಗ ಮಾಡಿದ್ದಾರೆ. ಮಾವ ತೀರಿಕೊಂಡ ದಿನ ಮಾಡಿದ್ದಾರೆ. ಆಪರೇಶನ್ನಿನ ಮರುದಿನ ವಿದ್ಯಾನಗರದ ಆಸ್ಪತ್ರೆಯ ಮಂಚದ ಮೇಲೆ ಒರಗಿಕೊಂಡು ಮಾಡಿದ್ದನ್ನು ನರ್ಸುಗಳು ಸಾಲಾಗಿ ನಿಂತು ನೋಡಿದ್ದಾರೆ. ಅಂಥವರು ಆ ಮಾತನ್ನು ಹಾಲಿನವನಿಗೆ ನಾಳೆ ಬೇಡ ಅಂದ ಹಾಗೆ ಸಣ್ಣ ದನಿಯಲ್ಲಿ ಹೇಳಿದರು. ಮಗನಿಗೆ ಹೇಳಬಾರದು ಅಂತ ನನ್ನ ಕೈಯಿಂದ ಆಣೆಯನ್ನೂ ತೆಗೆದುಕೊಂಡರು. ಅವನು ಕೂಡಲೇ ಡಾಕ್ಟರ ಹತ್ತಿರ ಒಯ್ಯುತ್ತಾನೆ, ಡಾಕ್ಟರು ಕೈಯನ್ನೂ ಕೊಯ್ಯುತ್ತಾರೆ ಅನ್ನುವುದು ಅವರ ಅಂಬೋಣ.

ಗುರುವಾರ ಸಂಜೆ ಹಿಂದಿನ ಓಣಿಯ ಗೌಸಸಾಬ ಕಾಕಾ ಬಂದರು. ಹುಬ್ಬಳ್ಳಿಯಲ್ಲಿ ರೇಡಿಯೋ, ಗಡಿಯಾರ, ರಿಮೋಟು ರಿಪೇರಿ ಮಾಡುವ ಚಿಕ್ಕ ಅಂಗಡಿ ಅವರದು. ಅತ್ತಿಯನ್ನು ಅಕ್ಕಾರ ಅಂತ ಕರೆಯುತ್ತಾರೆ, ಬಂದರೆ ಒಂದು ತಾಸು ಎದ್ದು ಹೋಗುವುದಿಲ್ಲ. ಅವತ್ತು ಕಾಲು ಹೇಗಿದೆ ಅಂತ ಒಂದು ಮಾತು ಕೇಳಿ ಮುಗಿಸಿದವರೇ ಜುಬ್ಬದ ಕಿಸೆಯಿಂದ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ ತೆಗೆದರು. ಎರಡು ಬಿಸ್ಕೀಟ್ ಪುಡಿಕೆ ಜೋಡಿಸಿದಷ್ಟು ಅಗಲ, ನಡುವೆ ಅಂಚೆ ಕಾರ್ಡಿನ ಅರ್ಧದಷ್ಟು ಪರದೆ. ಹಳೇ ಕಾಲದ ವಿಡಿಯೋ ಗೇಮು. ಧಾರವಾಡದ ಕಾಲೇಜಿನ ಮೇಷ್ಟ್ರೊಬ್ಬರಿಗೆ ಇಂಥ ಹಳೇ ಯಂತ್ರ ಕೂಡಿಹಾಕುವ ಹುಚ್ಚಂತೆ, ರಿಪೇರಿಗೆ ಕೊಟ್ಟಿದ್ದರು. ಕಾಕಾ ಹೊಸ ಸ್ಪೀಕರ್ ಹಾಕಿ, ತಂತಿ ಬೆಸೆದು, ಜೀವ ತುಂಬಿದ್ದರು. ಆದರೆ ಮನೆಯಲ್ಲಿ ಅವರ ಹೆಂಡತಿ ಹುಸೇನಬಿ ಇದನ್ನು ಹೊರಗೆ ಹಾಕಿದ್ದಳು. ಸೋತಾಗಲೆಲ್ಲ ಅದರೊಳಗಿನ ಬಾತುಕೋಳಿ ಕಕ್ಕಕ್ಕಾ ಅಂತ ನಗುತ್ತದಂತೆ, ಅದು ನಕ್ಕಾಗಲೆಲ್ಲ ಕಾಕಾ ಅದಕ್ಕೆ ಬೈಯುತ್ತಾರಂತೆ, ಎರಡೂ ಸೇರಿ ಅವಳ ನಮಾಜು ಕೆಡಿಸುತ್ತವಂತೆ.

ನನ್ನ ಮಗಳು ಉಮಾಶ್ರೀ ಮೊದಲು ಕೈಗೆ ತೆಗೆದುಕೊಂಡಳು. ಎಲ್ಲಿ ಒತ್ತಬೇಕು ಅಂತ ಹುಡುಕಿದಳು. ಒತ್ತುವುದೇ ಇಲ್ಲ. ಡಬ್ಬಿಯನ್ನೇ ವಾಲಿಸಬೇಕು, ತಿರುಗಿಸಬೇಕು, ಒಳಗೊಂದು ಸಣ್ಣ ಸಾಮಾನು ಕೂತಿದೆ, ಎಳ್ಳಿನಷ್ಟು ವಾಲಿದರೂ ಅದಕ್ಕೆ ತಿಳಿಯುತ್ತದೆ ಅಂದರು ಕಾಕಾ. ಅದರಲ್ಲಿ ಒಂದು ಆಟವಲ್ಲ, ನೂರಾರು. ಒಂದೊಂದೂ ಐದೇ ಸೆಕೆಂಡು. ಪರದೆಯ ಮೇಲೆ ಒಂದು ಪದ ಬರುತ್ತದೆ, ಚಿತ್ರ ಬರುತ್ತದೆ, ಮೂಲೆಯಲ್ಲಿ ಒಂದು ಬತ್ತಿ ಸುರ್ ಅಂತ ಉರಿಯುತ್ತದೆ, ಅಷ್ಟರಲ್ಲಿ ಏನು ಮಾಡಬೇಕೆಂದು ತಿಳಿದು ಮಾಡಿ ಮುಗಿಸಬೇಕು. ಪದ ಮಾತ್ರ ಜಪಾನಿ ಭಾಷೆಯಲ್ಲಿ. ಉಮಾಶ್ರೀ ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಲು ಹೋದಳು. ಫೋನು ಓದಿ ಹೇಳುವಷ್ಟರಲ್ಲಿ ಬತ್ತಿ ಉರಿದು ಬಾತುಕೋಳಿ ನಕ್ಕು ಮುಂದಿನ ಆಟ ಬಂದಿರುತ್ತಿತ್ತು.

ಹೀಗಾಗಿ ನಾವೇ ಒಂದೊಂದಕ್ಕೆ ಹೆಸರಿಟ್ಟೆವು. ಕಾದ ಹಂಚಿನಿಂದ ಏನೋ ದುಂಡಗಿನದು ತಟ್ಟೆಗೆ ಜಾರಬೇಕು, ಅದು ದ್ವಾಶಿ. ಗಾಳಿಗೆ ಹಾರಿದ ಕೂದಲಿನ ಟೋಪನ್ನು ಬೋಳುತಲೆಯ ಮೇಲೆ ಇಳಿಸಬೇಕು, ಅದು ಟೋಪನ್ ಮಾಮಾ. ಚಾವಣಿಯಿಂದ ಉರುಳುವ ಚಪ್ಪಲಿಯನ್ನು ಮಲಗಿದ ಬೆಕ್ಕಿನ ಮೇಲೆ ಬೀಳದ ಹಾಗೆ ಆಚೆ ದಾಟಿಸಬೇಕು. ಒಂದಕ್ಕೂ ತಲೆಬುಡ ಇಲ್ಲ. ಯಾರು ಕೂತು ಇದನ್ನೆಲ್ಲ ನೆನೆಸಿದರೋ, ಅವರ ಮನೆಯಲ್ಲಿ ಯಾರೂ ಬೈಯುವವರು ಇರಲಿಲ್ಲ ಅನ್ನುವುದು ಮಾತ್ರ ಖರೆ. ನನಗೆ ಇದರಲ್ಲಿ ಹಿಡಿಸಿದ್ದೆಂದರೆ, ಸೋತದ್ದಕ್ಕೆ ನಾಚಿಕೊಳ್ಳಲು ಪುರುಸೊತ್ತೇ ಇಲ್ಲ. ಬಾತುಕೋಳಿ ನಕ್ಕು ಮುಗಿಸುವ ಮೊದಲೇ ಹೊಸ ಹುಚ್ಚಾಟ ಎದುರಿಗೆ ನಿಂತಿರುತ್ತದೆ.

ಇನ್ನೊಂದೆಂದರೆ, ಆಡುವವರನ್ನು ನೋಡುವುದೇ ಬೇರೆ ಆಟ. ಡಬ್ಬಿಯನ್ನಷ್ಟೇ ವಾಲಿಸಿದರೆ ಸಾಕು, ಆದರೆ ಯಾರಿಗೂ ಹಾಗೆ ಬರುವುದಿಲ್ಲ. ಉಮಾಶ್ರೀಯ ನಾಲಗೆ ತುಟಿಯ ಎಡಕ್ಕೂ ಬಲಕ್ಕೂ ಓಡುತ್ತಿತ್ತು. ನಮ್ಮ ಮನೆಯವರು, ಮಡಿವಾಳಪ್ಪನವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡಬ್ಬಿಯನ್ನು ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ಹಿಡಿದು, ಸೊಂಟದ ತನಕ ತಿರುಗಿ, ದ್ವಾಶಿಯನ್ನು ತಟ್ಟೆಗೆ ಜಾರಿಸಲು ಹೋಗಿ ತಾವೇ ದಿವಾನದಿಂದ ಕೆಳಗೆ ಜಾರಿದರು.

ಅತ್ತಿ ಮೂಲೆಯಲ್ಲಿ, ಎರಡೂ ಕಡೆ ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಯಾರದೋ ಮನೆಯ ಮದುವೆ ನೋಡುವವರ ಹಾಗೆ ನೋಡುತ್ತಿದ್ದರು. ಮಗ ಬಿದ್ದಾಗ ಮಾತ್ರ ಸೆರಗು ಬಾಯಿಗೆ ಹೋಯಿತು.

ಕಾಕಾ ಬಂದ ಕೆಲಸ ಬೇರೆಯಿತ್ತು. ಎಲ್ಲ ಆಟದಲ್ಲೂ ಹತ್ತಕ್ಕೆ ಎರಡಾದರೂ ಗೆಲ್ಲಬಹುದು. ಒಂದರಲ್ಲಿ ಮಾತ್ರ ಯಾರೂ ಗೆದ್ದಿರಲಿಲ್ಲ. ಗಡ್ಡದ ಮುದುಕನೊಬ್ಬ ಕಣ್ಣು ಮುಚ್ಚಿ ಕೂತಿರುತ್ತಾನೆ, ತಲೆಯ ಮೇಲೆ ಒಂದರ ಮೇಲೊಂದು ಒಂಬತ್ತು ಹಾಲಿನ ಬಟ್ಟಲು. ಅವನಿಗೆ ಬಟ್ಟಲ ಮುತ್ಯಾ ಅಂತ ಹೆಸರಿಟ್ಟೆವು. ಉಳಿದ ಆಟಗಳಲ್ಲಿ ಅಲುಗಾಡಿಸಬೇಕು, ಇಲ್ಲಿ ಅಲುಗಾಡಿಸಬಾರದು. ಅಷ್ಟೇ. ಐದು ಸೆಕೆಂಡಿನಲ್ಲಿ ಒಂದು ನೊಣ ಬಂದು ಅವನ ಮೂಗಿನ ಮೇಲೆ ಕೂರುತ್ತದೆ, ನಮ್ಮ ಕೈ ತಾನಾಗಿ ಸಣ್ಣಗೆ ಸರಿಯುತ್ತದೆ, ಬಟ್ಟಲು ಗಳಗಳ ಉರುಳುತ್ತವೆ.

"ಇದೊಂದು ಯಾರಿಗೂ ಬರವಲ್ತು ಅಕ್ಕಾರ," ಅಂದರು ಕಾಕಾ. "ಮಷಿನ್ ಕೆಟ್ಟೈತೋ, ನಮ್ಮ ಕೈ ಕೆಟ್ಟಾವೋ, ತಿಳಿವಲ್ತು. ಅದು ತಿಳೀಲಾರದ ಮಾಸ್ತರಗ ಹೆಂಗ ಕೊಡ್ಲಿ?"

ಅತ್ತಿ ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ನಾನೊಬ್ಬಳೇ ಕಂಡೆ.

ಮಂಗಳವಾರದ ತನಕ ಡಬ್ಬಿ ನಮ್ಮಲ್ಲೇ ಇರಲಿ, ಯಾರ ಕೈಗಾದರೂ ಮುತ್ಯಾ ಒಲಿದರೆ ಹೇಳಿ ಅಂತ ಕಾಕಾ ಹೋದರು.

ಶುಕ್ರವಾರ ಅತ್ತಿಯನ್ನು ಕೆಡಿಸಿದ್ದು ಧೋತರದ ಆಟ. ದಪ್ಪ ಮನುಷ್ಯನೊಬ್ಬನ ಸೊಂಟದ ಬಟ್ಟೆ ಬಿಚ್ಚಿ ಬೀಳುತ್ತಿರುತ್ತದೆ, ಬಾಗಿಲ ಕಡೆಯಿಂದ ಹೆಂಗಸರ ಸಾಲು ಬರುತ್ತಿರುತ್ತದೆ. ಅವರು ಒಳಗೆ ಕಾಲಿಡುವ ಮೊದಲು ಡಬ್ಬಿಯನ್ನು ಗರಗರ ತಿರುಗಿಸಿ ಬಟ್ಟೆ ಸುತ್ತಬೇಕು. ಉಮಾಶ್ರೀ ಜಪಾನಿ ಪದ ದಿಟ್ಟಿಸುತ್ತಿದ್ದಾಗ ಅತ್ತಿಗೆ ತಡೆಯಲಾಗಲಿಲ್ಲ.

"ಓದಾಕ ಯಾಕ ಹೊಂಟಿ, ಹುಚ್ಚಿ? ನೋಡ. ಅವರು ಬಂದ್ರು, ಲಗೂ ಸುತ್ತ."

ಸೋತಳು. ಅತ್ತಿ ಕೈಚಾಚಿ ಡಬ್ಬಿ ತೆಗೆದುಕೊಂಡರು. ಫೋನಿನಲ್ಲಿ ಹಸಿರು ಗುಂಡಿ ಒತ್ತುವುದು ಬಿಟ್ಟರೆ ಏನೂ ಗೊತ್ತಿಲ್ಲದ, ಸಾಲಿಯ ಮೆಟ್ಟಿಲು ಹತ್ತದ ಹೆಂಗಸು. ಆದರೆ ಆ ಡಬ್ಬಿಯ ಮುಂದೆ ಓದಿದವರೂ ಓದದವರೂ ಒಂದೇ. ಅಲ್ಲ, ಓದಿದವರಿಗೆ ಒಂದು ಸೆಕೆಂಡು ನಷ್ಟ. ಮೂರನೇ ಸಲಕ್ಕೆ ಧೋತರ ಅರ್ಧ ಸುತ್ತಿದರು, ಹೆಂಗಸರು ಬಾಯಿ ಮುಚ್ಚಿಕೊಂಡು ನಕ್ಕರು, ಅತ್ತಿಯೂ ನಕ್ಕರು. ವಾರದ ಮೇಲೆ ಆ ನಗೆ ಕೇಳಿದ್ದು. ಸಂಜೆಯೊಳಗೆ ಟೋಪನ್ ಮಾಮಾನ ತಲೆಗೆ ಟೋಪನ್ನು ಕೂರಿಸುವುದರಲ್ಲಿ ಮೊಮ್ಮಗಳನ್ನು ಹಿಂದೆ ಹಾಕಿದ್ದರು. ಪ್ರತಿ ಸಲ ಆಡುವ ಮೊದಲೂ ಆಡಿದ ಮೇಲೂ ಕೈ ತೊಳೆಯುತ್ತಿದ್ದರು, ಅದೊಂದು ಅವರ ಕರಾರು.

ಬಟ್ಟಲ ಮುತ್ಯಾ ಬಂದಾಗ ಮಾತ್ರ ಡಬ್ಬಿಯನ್ನು ಉಮಾಶ್ರೀಗೆ ದಾಟಿಸಿಬಿಡುತ್ತಿದ್ದರು. ಆಯಿ, ನೀನೂ ಒಂದು ಸಲ ನೋಡು ಅಂತ ಅವಳು ಗೋಗರೆದರೂ ಇಲ್ಲ. ಅವಳಿಗೆ ಅಜ್ಜಿಯ ಗುಟ್ಟು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಮತ್ತೆ ಅರ್ಧ ರೊಟ್ಟಿ ಅವರ ತಾಟಿನ ಅಂಚಿಗೆ ಸರಿಯಿತು.

ಶನಿವಾರ ಮಧ್ಯಾಹ್ನ ನಾನು ಒಂದು ಮದುವೆ ಮನೆಯ ರವಿಕೆಗಳಿಗೆ ಹುಕ್ಕು ಹಚ್ಚುತ್ತ ಕೂತಿದ್ದೆ. ಉಮಾಶ್ರೀ ಕಾಲೇಜಿಗೆ ಹೋಗಿದ್ದಳು. ಬೆನ್ನ ಹಿಂದೆ ಡಬ್ಬಿಯ ಸಂಗೀತ ಸಣ್ಣಗೆ ನಡೆದಿತ್ತು, ನಡುನಡುವೆ ಬಾತುಕೋಳಿ. ಒಂದು ಹೊತ್ತಿಗೆ ಸಂಗೀತ ನಿಂತಿತು. ಆ ಮೌನ ನನಗೆ ಪರಿಚಯವಾಗಿತ್ತು, ಮುತ್ಯಾ ಬಂದಾಗ ಮಾತ್ರ ಹಾಗೆ ನಿಲ್ಲುತ್ತದೆ. ಐದು ಸೆಕೆಂಡಿಗೆ ಬಟ್ಟಲು ಉರುಳಿ ಬಾತುಕೋಳಿ ನಗಬೇಕು. ನಗಲಿಲ್ಲ.

ತಿರುಗಿ ನೋಡಿದೆ. ನಾವೆಲ್ಲ ಎರಡು ಕೈಯಲ್ಲಿ ಹಿಡಿಯುವ ಡಬ್ಬಿಯನ್ನು ಅತ್ತಿ ಎಡ ಅಂಗೈಯ ಮೇಲೆ ಮಲಗಿಸಿ, ಎದೆಯ ಮಟ್ಟಕ್ಕೆ ತಂದು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬಲಗೈ ತೊಡೆಯ ಮೇಲಿತ್ತು. ಉಸಿರು ಸಹ ಹೋಗಿಬಂದದ್ದು ಕಾಣಲಿಲ್ಲ. ಇಪ್ಪತ್ತೆರಡು ವರ್ಷ ಅರ್ಧ ತೆರೆದ ಬಾಗಿಲಿನಿಂದ ನಾನು ಕಂಡ ಅತ್ತಿ ಅವರು.

ಬತ್ತಿ ಉರಿದು ಮುಗಿಯಿತು. ಬಟ್ಟಲು ಒಂಬತ್ತೂ ಹಾಗೇ ನಿಂತಿದ್ದವು. ಬಟ್ಟಲ ಮುತ್ಯಾ ಮೆಲ್ಲಗೆ ಒಂದು ಕಣ್ಣು ತೆರೆದ, ಆಚೀಚೆ ನೋಡಿದ, ಮೇಲಿನ ಬಟ್ಟಲು ಇಳಿಸಿ ಗಟಗಟ ಕುಡಿದ, ಮೀಸೆಗೆ ಅಂಟಿದ ಹಾಲು ಒರೆಸಿಕೊಂಡ.

"ದಾಕ್ಷಿ," ಅಂದರು ಅತ್ತಿ, ಪರದೆಯಿಂದ ಕಣ್ಣು ತೆಗೆಯದೆ. "ಈ ಮುದುಕ ಹಾಲು ಕುಡದ ನೋಡ."

ನಾನು ಸೂಜಿ ಚುಚ್ಚಿದ ರವಿಕೆಯನ್ನು ಅಲ್ಲೇ ಒಗೆದು ಕಾಕಾಗೆ ಫೋನ್ ಮಾಡಿದೆ. ಅವರು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದರು ಅಂತ ಕಾಣುತ್ತದೆ, ಕಿವಿಯ ಮೇಲಿನ ಸ್ಕ್ರೂ ಡ್ರೈವರ್ ಹಾಗೇ ಇತ್ತು. ಅತ್ತಿ ಅವರ ಮುಂದೆ ಮತ್ತೆ ಮೂರು ಸಲ ಮುತ್ಯಾನಿಗೆ ಹಾಲು ಕುಡಿಸಿದರು. ಕಾಕಾ ನಿಂತಲ್ಲೇ ಡಬ್ಬಿ ಇಸಿದುಕೊಂಡು, ಅವರಂತೆಯೇ ಅಂಗೈಯ ಮೇಲಿಟ್ಟು ಆಡಿದರು. ಮೂರು ಸಲವೂ ಬಾತುಕೋಳಿ.

"ನಿಂತು ಆಡಿದ್ರ ಹೆಂಗ ಬರತೈತ್ರಿ," ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು. "ಅಂಗಡ್ಯಾಗ ಟೇಬಲ್ ಮ್ಯಾಲ ಮೊಣಕೈ ಊರಲಿಲ್ಲಂದ್ರ ನನಗೊಂದು ತಂತಿ ಬೆಸೀಲಿಕ್ಕೆ ಆಗಂಗಿಲ್ಲ. ಸರೀರಿ ಅಕ್ಕಾರ, ಆ ಕುರ್ಚಿ ಕೊಡ್ರಿ."

ಅತ್ತಿ ಎದ್ದು ಮಂಚಕ್ಕೆ ಹೋದರು. ಕಾಕಾ ಕುರ್ಚಿಯ ಕೈ ಮೇಲೆ ಮೊಣಕೈ ಊರಿ ಕೂತು ಎರಡನೇ ಸಲಕ್ಕೆ ಮುತ್ಯಾನ ಕಣ್ಣು ತೆರೆಸಿದರು. ಮಷಿನ್ ಕೆಟ್ಟಿಲ್ಲ ಅಂತ ಖುಷಿಯಾಗಿ, ನನ್ನ ಕೈಯ ಚಹಾ ಕುಡಿದು, ಬಾತುಕೋಳಿಗೆ ಕೊನೆಗೊಂದು ಬೈಗುಳ ಬೈದು ಹೊರಟರು.

ಅವರು ಹೋದ ಮೇಲೆ ನಾನು ಅತ್ತಿಯ ಹತ್ತಿರ ಕೂತೆ. ಎಳ್ಳಿನಷ್ಟು ವಾಲಿದರೂ ತಿಳಿಯುವ ಮಷಿನ್ನೇ ನಿಮ್ಮ ಕೈ ನಡುಗುವುದಿಲ್ಲ ಅಂದಿತಲ್ಲ, ಇನ್ನೇನು ಬೇಕು ಅಂದೆ. ಅವರ ಮುಖದಲ್ಲಿದ್ದ ನಗೆ ಇಳಿಯಿತು.

"ಅದು ಆಟ, ದಾಕ್ಷಿ. ಮುತ್ಯಾ ಬಿದ್ರ ಮತ್ತ ಏಳ್ತಾನ," ಅಂದರು. "ಇದು ಹಂಗಲ್ಲ. ನಾಳಿಗೊಂದು ದಿನಾ ಐತಿ. ನಾಡದ ಮಠಕ್ಕ ಹೋಗೂದ."

ಆಟದ ಕೈ ಬೇರೆ, ಪೂಜೆಯ ಕೈ ಬೇರೆ ಅನ್ನುವುದು ಅವರ ಮಾತಿನ ತಾತ್ಪರ್ಯ. ಒಂದೇ ಕೈ ಎರಡು ಹೇಗಾಗುತ್ತದೆ? ನಾನು ಎದ್ದು ಮತ್ತೆ ಹುಕ್ಕಿಗೆ ಕೂತೆ. ಹುಕ್ಕು ಹಚ್ಚುವಾಗ ನನ್ನ ಮೊಣಕೈ ಎಲ್ಲಿರುತ್ತದೆ ಅಂತ ಜನ್ಮದಲ್ಲಿ ನೋಡಿಕೊಂಡವಳಲ್ಲ, ಅವತ್ತು ನೋಡಿಕೊಂಡೆ. ತೊಡೆಯ ಮೇಲೆ ಊರಿತ್ತು. ಕಣ್ಣು ತಾನಾಗಿ ದೇವರ ಮೂಲೆಗೆ ಹೋಯಿತು. ಅಲ್ಲಿ ಅತ್ತಿಯ ಪೂಜೆಯ ಸ್ಟೂಲು ಇತ್ತು.

ಆ ಸ್ಟೂಲಿನ ಕತೆ ಹೇಳಬೇಕು, ಯಾಕೆಂದರೆ ಅದು ನನ್ನ ಜಾಣತನ. ಆಪರೇಶನ್ ಆದ ಮೇಲೆ ಇನ್ನು ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬಾರದು ಅಂತ ಡಾಕ್ಟರು ಹೇಳಿದ್ದರು. ಮೊದಲ ಒಂದು ತಿಂಗಳು ಮಂಚದ ಮೇಲೆ ದಿಂಬಿಗೆ ಒರಗಿಯೇ ಪೂಜೆ ನಡೆಯಿತು. ಎದ್ದು ಓಡಾಡತೊಡಗಿದ ಮೇಲೆ ಪೂಜೆಗೆ ಕುರ್ಚಿ ಕೊಡಲು ಹೋದರೆ ಅತ್ತಿ ಒಪ್ಪಲಿಲ್ಲ. ಗ್ಯಾಸಿನವನು ಕೂತ, ರವಿಕೆ ಹೊಲಿಸಲು ಬಂದವರು ಕೂತ, ಕಂಡಕಂಡವರು ಕೂತ ಕುರ್ಚಿಯಲ್ಲಿ ಕೂತು ಲಿಂಗ ಹಿಡಿಯಲೇ ಅಂದರು. ಅದಕ್ಕೆ ನಾನು ಬೆಂಗೇರಿಯ ಬಡಗಿಯ ಹತ್ತಿರ ಹೋಗಿ, ಸಾಗವಾನಿ ಕಟ್ಟಿಗೆಯ ಹೊಚ್ಚ ಹೊಸ ಸ್ಟೂಲು ಮಾಡಿಸಿ ತಂದೆ. ಯಾರೂ ಕೂರದ, ಯಾರೂ ಮುಟ್ಟದ, ದುಂಡಗಿನ, ನುಣ್ಣನೆಯ ಸ್ಟೂಲು. ಬಂದವರಿಗೆಲ್ಲ ತೋರಿಸಿದ್ದೆ. ಅದು ಮನೆಗೆ ಬಂದದ್ದು ಲಿಂಗ ಜಾರಿದ ಶನಿವಾರದ ಹಿಂದಿನ ಮಂಗಳವಾರ.

ಅದಕ್ಕೆ ಕೈ ಇರಲಿಲ್ಲ.

ಭಾನುವಾರ ಊಟವಾದ ಮೇಲೆ ಉಮಾಶ್ರೀಯನ್ನೂ ಕರೆದು, ನನ್ನ ಹೊಲಿಗೆ ಯಂತ್ರದ ಸ್ಟೂಲು ತಂದು ನಡುಮನೆಯಲ್ಲಿ ಇಟ್ಟೆ. ಪೂಜೆಯ ಸ್ಟೂಲಿನಷ್ಟೇ ಎತ್ತರ, ಅದಕ್ಕೂ ಕೈ ಇಲ್ಲ. ಅತ್ತಿ, ಇದರ ಮೇಲೆ ಕೂತು ಮುತ್ಯಾನಿಗೆ ಹಾಲು ಕುಡಿಸಿ ನೋಡೋಣ ಅಂದೆ. ಅವರು ಕೈ ತೊಳೆದು ಬಂದು ಕೂತರು. ಅಂಗೈಯ ಮೇಲೆ ಡಬ್ಬಿ, ಎದೆಯ ಮಟ್ಟ, ನಿಂತ ಕಣ್ಣು. ಎರಡು ಸೆಕೆಂಡಿಗೆ ಮಣಿಕಟ್ಟಿನ ಹತ್ತಿರ ಸಣ್ಣಗೆ ಅದುರತೊಡಗಿತು. ಬಟ್ಟಲು ಉರುಳಿದವು.

ಮತ್ತೆ ಆಡಿದರು. ಮತ್ತೆ ಉರುಳಿದವು. ಮೂರನೇ ಸಲ ಬಾತುಕೋಳಿ ನಕ್ಕಾಗ ಅವರು ಡಬ್ಬಿಯನ್ನು ನನ್ನ ಕಡೆ ಚಾಚಿದರು. ಹಾಳಾದ ಪರೀಕ್ಷೆ ಯಾಕೆ ಇಟ್ಟೆನೋ ಅನ್ನಿಸಿತು. ಆದರೆ ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ಉಮಾಶ್ರೀ, ನೀನು ಕೂರು ಅಂದೆ. ಹತ್ತೊಂಬತ್ತರ ಹುಡುಗಿ, ಕಾಲೇಜಿನಲ್ಲಿ ಕಬಡ್ಡಿ ಆಡುವ ಕೈ. ಸ್ಟೂಲಿನ ಮೇಲೆ ಕೂತು, ಒಂದೇ ಅಂಗೈಯ ಮೇಲೆ ಡಬ್ಬಿ ಇಟ್ಟುಕೊಂಡು ಆಡಿದಳು. ಐದು ಸಲ ಆಡಿದಳು, ಐದು ಸಲ ಸೋತಳು. ನಾನು ಕೂತೆ, ನಾನೂ ಸೋತೆ. ಆಮೇಲೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಗೆ ಕಳಿಸಿ, ಕುರ್ಚಿಯ ಕೈಗೆ ಮೊಣಕೈ ಊರಿಸಿದೆ. ನಾಲ್ಕನೇ ಸಲಕ್ಕೆ ಮುತ್ಯಾ ಕಣ್ಣು ತೆರೆದ. ಹುಡುಗಿ ಏನೂ ಅರಿಯದೆ ಕುಣಿದಳು.

ಅತ್ತಿ ಕುಣಿಯುವವಳನ್ನು ನೋಡಲಿಲ್ಲ. ಸ್ಟೂಲು ನೋಡಿದರು, ಕುರ್ಚಿಯ ಕೈ ನೋಡಿದರು. ಎದ್ದು ಹೋಗಿ ಮಂಚದ ಮೇಲೆ ಕೂತು, ಎಡ ಮೊಣಕೈಯನ್ನು ಎಡ ತೊಡೆಯ ಮೇಲೆ ಊರಿ, ಬರಿ ಅಂಗೈಯನ್ನು ಎದೆಯ ಮುಂದೆ ಹಿಡಿದರು. ಬಿಟ್ಟು ಹಿಡಿದರು, ಊರಿ ಹಿಡಿದರು. ಎರಡು ಮೂರು ಸಲ ಹಾಗೆ ಮಾಡಿದರು.

"ಐವತ್ತಾರು ವರ್ಷ ಈ ಕೈನ ತೊಡಿ ಹಿಡಕೊಂಡಿತ್ತು," ಅಂದರು ಕೊನೆಗೆ. "ನಾ ಹೆಸರೆಲ್ಲಾ ಕೈಗೆ ಕೊಟ್ಟಿದ್ದೆ."

"ತಪ್ಪು ನಂದ್ರಿ ಅತ್ತಿ," ಅಂದೆ. "ಸ್ಟೂಲ್ ಮಾಡಸಿದಾಕಿ ನಾ."

"ಹೌದ, ನಿಂದ," ಅಂದರು, ಒಂದು ಗಳಿಗೆಯೂ ತಡಮಾಡದೆ. "ಊರಿಗೆಲ್ಲಾ ತೋರಿಸಿದಿ. ಕುಂಡಿಗೆ ಜಾಗಾ ಮಾಡಸಿ ಕೈಗೆ ಮಾಡಸಲಿಲ್ಲ."

ಇಷ್ಟು ಹೇಳಿ ನಗತೊಡಗಿದರು. ನಗುತ್ತಲೇ ಕಣ್ಣೊರೆಸಿಕೊಂಡರು, ನನ್ನ ಸೆರಗಿನಿಂದ. ಉಮಾಶ್ರೀ ಡಬ್ಬಿ ಹಿಡಿದುಕೊಂಡು ಏನಾಯಿತು, ಏನಾಯಿತು ಅಂತ ಇಬ್ಬರ ಮುಖ ನೋಡಿದಳು. ಬಾತುಕೋಳಿ ಯಾರೂ ಆಡದಿದ್ದರೂ ಒಮ್ಮೆ ನಕ್ಕಿತು.

ಸಂಜೆ ನಮ್ಮ ಮನೆಯವರು ಬಂದಾಗ, ನಿಮ್ಮವ್ವನಿಗೆ ಪೂಜೆಯ ಸ್ಟೂಲಿನಲ್ಲಿ ಎಡ ಮೊಣಕೈ ಊರಲು ಏನಾದರೂ ಮಾಡಿ ಅಂದೆ. ಯಾಕೆ ಅಂತ ಕೇಳಿದರು, ಊರಬೇಕು ಅಂದೆ. ಅವರು ಡಿಪೋದಲ್ಲಿ ದಿನವೂ ಕಾರಣ ಕೇಳದೆ ರಿಪೇರಿ ಮಾಡುವವರು. ಅಟ್ಟದ ಮೇಲೆ ಉಳಿದಿದ್ದ ಸಾಗವಾನಿ ಹಲಗೆ ತೆಗೆದು, ಅತ್ತಿಯನ್ನು ಕೂರಿಸಿ, ಎದೆಯ ಮಟ್ಟ ಅಳೆದು, ಎರಡು ಕಬ್ಬಿಣದ ಪಟ್ಟಿ ಬಗ್ಗಿಸಿ ಬೋಲ್ಟು ಹಾಕಿ, ಎಡಗಡೆಗೊಂದು ಕೈ ಕೂರಿಸಿದರು. ಬಲಗಡೆಗೆ ಬೇಡವೇ ಅಂದಾಗ ಅತ್ತಿ, ಬಲಗೈಗೆ ನೀರು ಎರೆಯುವ ಕೆಲಸ ಐತಿ, ಅದು ಕುಂದ್ರೂದಿಲ್ಲ ಅಂದರು. ಹೀಗೆ ನಮ್ಮ ಮನೆಯಲ್ಲಿ ಒಂದು ಒಂಟಿ ಕೈಯ ಸ್ಟೂಲು ಆಯಿತು. ನೋಡಲು ಚಂದವಿಲ್ಲ. ಈ ಸಲ ನಾನು ಯಾರಿಗೂ ತೋರಿಸಲಿಲ್ಲ.

ಸೋಮವಾರ ಮುಂಜಾನೆ ನಾನು ಅಡುಗೆಮನೆಯಲ್ಲಿ ಹಂಚನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಪೂಜೆಯ ಬಾಗಿಲು ಅರ್ಧ ತೆರೆದಿತ್ತು, ನೋಡಲಿಲ್ಲ. ಕಿವಿ ಮಾತ್ರ ಅಲ್ಲಿತ್ತು. ಕರಡಿಗೆಯ ಮುಚ್ಚಳ ತೆರೆದ ಕಿಟ್ ಅನ್ನುವ ಸಪ್ಪಳ ಕೇಳಿತು. ಆಮೇಲೆ ಏನೂ ಇಲ್ಲ. ನಾನು ಐದು ಎಣಿಸಿದೆ. ಹುಚ್ಚು ನೋಡಿ, ನನ್ನ ಕಿವಿ ಬಾತುಕೋಳಿಗೆ ಕಾಯುತ್ತಿತ್ತು. ಐದಾಯಿತು, ಐವತ್ತಾಯಿತು, ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ. ತಾಟಿಗೆ ನೀರು ಹನಿಹನಿಯಾಗಿ ಬೀಳುವುದು ಕೇಳಿತು, ಒಂದೇ ಸಮನೆ, ಎಲ್ಲೂ ತಡವರಿಸದೆ.

ಎಷ್ಟೋ ಹೊತ್ತಿನ ಮೇಲೆ ಸ್ಟೂಲಿನ ಹೊಸ ಕೈಯನ್ನು ಒತ್ತಿ ಎದ್ದ ಸಪ್ಪಳವಾಯಿತು. ಹಿತ್ತಲ ಬಾಗಿಲ ಚಿಲಕ ಸರಿಯಿತು. ದಾಸವಾಳದ ಕುಂಡಕ್ಕೆ ನೀರು ಬಿತ್ತು. ಒಣಗಿದ ಮಣ್ಣು ಅದನ್ನು ಗುಟಕ್ಕನೆ ಕುಡಿದದ್ದೂ ಕೇಳಿಸಿತು ಅಂದರೆ ನೀವು ನಂಬಲಿಕ್ಕಿಲ್ಲ.

ನಾನು ಒಲೆ ಹಚ್ಚಿದೆ. ಅತ್ತಿ ಒಳಗೆ ಬಂದು ನನ್ನ ಅಂಗೈಗೆ ತೀರ್ಥ ಹಾಕಿ, ತಾಟು ಹಾಕಿಕೊಂಡು ಕೂತರು. ಮಠಕ್ಕೆ ಹೋಗುವುದು ಬಿಟ್ಟಿಲ್ಲ, ಮಧ್ಯಾಹ್ನ ಹೋಗಿ ಕಾಲು ಮುಟ್ಟಿ ಬರುವುದು, ಬಿದ್ದದ್ದು ಬಿದ್ದಿತು ಅಂತ ಹೇಳುವುದು, ಆದರೆ ಕರಡಿಗೆಯಲ್ಲೇ ಇರಲಿ ಅಂತ ಅಪ್ಪಣೆ ಬೇಡುವುದಿಲ್ಲ ಅಂದರು. ಮೊದಲ ರೊಟ್ಟಿ ಮುಗಿಸಿ ಎರಡನೆಯದಕ್ಕೆ ಕೈ ಚಾಚಿದರು. ನಾನು ಬೆಣ್ಣೆ ಸ್ವಲ್ಪ ಹೆಚ್ಚೇ ಹಾಕಿದೆ, ಬೇಡ ಅನ್ನಲಿಲ್ಲ.

"ಗೌಸೂಗ ಒಂದು ಫೋನ್ ಹಚ್ಚ," ಅಂದರು ಅಗಿಯುತ್ತ. "ನಾಳಿಗೇ ಡಬ್ಬಿ ಒಯ್ಯಬ್ಯಾಡಂತ ಹೇಳ. ಮಾಸ್ತರಗ ಇನ್ನೊಂದು ವಾರ ತಡೀಲಿ ಅಂತ ಹೇಳ. ಆ ಧೋತರದಾಂವನ ಬಟ್ಟಿ ಇನ್ನೂ ಪೂರಾ ಸುತ್ತಿ ಆಗಿಲ್ಲ. ಹಂಗ ಬಿಟ್ಟು ಕಳಸಿದ್ರ ಅಂವ ಧಾರವಾಡದಾಗ ಹೆಂಗ ತಿರಗ್ಯಾಡಬೇಕು?"